ಎಫ್‌ಎಂ2 ಕ್ಯಾಮೆರಾಗೆ ಹಳೆಯ ನಿಕ್ಕೋರ್ ಲೆನ್ಸ್ ಹೊಂದಿಸಲು ಸಹಾಯ ಬೇಕು

ಬಲ್ಲವರಿಗೆ ನಮಸ್ಕಾರ. ನನ್ನ ಬಳಿ ನಿಕಾನ್ ಎಫ್‌ಎಂ2 ಕ್ಯಾಮೆರಾ ಮತ್ತು ಸೋದರಮಾವ ಕೊಟ್ಟ 50 ಮಿ.ಮೀ. ಎಫ್/1.4 ನಿಕ್ಕೋರ್-ಎಸ್ ಆಟೋ ಲೆನ್ಸ್ ಇವೆ. ಗಾಜಿನಲ್ಲಿ ಬೂಷ್ಟಿಲ್ಲ, ಫೋಕಸ್ ರಿಂಗ್ ಇಂದಿಗೂ ನಯವಾಗಿ ತಿರುಗುತ್ತದೆ; ಇಂಥದ್ದನ್ನು ಮೂಲೆಗಿಡಲು ಮನಸ್ಸು ಒಪ್ಪುತ್ತಿಲ್ಲ.

ತೊಡಕು ಇಷ್ಟು: ಈ ಲೆನ್ಸ್ 1977ರಲ್ಲಿ ಎಐ ವ್ಯವಸ್ಥೆ (ಅಪರ್ಚರ್, ಅಂದರೆ ಬೆಳಕು ಒಳಬಿಡುವ ಕಿಂಡಿ, ಯಾವ ಅಳತೆಗಿದೆ ಎಂದು ಲೆನ್ಸಿನ ರಿಂಗೇ ಕ್ಯಾಮೆರಾದ ಬೆಳಕು ಅಳೆಯುವ ಮೀಟರಿಗೆ ತಿಳಿಸುವ ಏರ್ಪಾಡು) ಬರುವುದಕ್ಕೂ ಮುಂಚಿನದು. ಅದರ ಅಪರ್ಚರ್ ರಿಂಗಿನ ಹಿಂದಿನ ಅಂಚು ಸುತ್ತಲೂ ಒಂದೇ ಎತ್ತರಕ್ಕಿದ್ದು, ಕ್ಯಾಮೆರಾದ ಮೌಂಟ್ (ಲೆನ್ಸ್ ಕೂರುವ ಜಾಗ) ಪಕ್ಕದಲ್ಲಿರುವ ಪುಟ್ಟ ಮೀಟರ್ ಕೊಂಡಿಗೆ ತಾಗುತ್ತದೆ. ಇದಕ್ಕೂ ಹಿಂದಿನ ಎಫ್‌ಎಂ ಕ್ಯಾಮೆರಾದಲ್ಲಿ ಆ ಕೊಂಡಿಯನ್ನು ಮಡಚಬಹುದಿತ್ತು. ಎಫ್‌ಎಂ2ರಲ್ಲಿ ಆ ಅನುಕೂಲವಿಲ್ಲದ ಕಾರಣ, ಬಲವಂತವಾಗಿ ತಿರುಗಿಸಿದರೆ ಕೊಂಡಿಯೇ ಮುರಿದೀತೆಂದು ಲೆನ್ಸ್ ತಾಗಿದೊಡನೆ ನಿಲ್ಲಿಸಿದೆ. ಅಂಗಡಿಯವರು ಸೂಚಿಸಿದ ಜಿ ಮಾದರಿಯ ಲೆನ್ಸ್‌ಗೆ ಅಪರ್ಚರ್ ರಿಂಗೇ ಇಲ್ಲ. ಈ ಕ್ಯಾಮೆರಾದಲ್ಲಿ ಅದು ಸದಾ ಅತಿ ಕಿರಿದಾದ ಅಪರ್ಚರ್‌ನಲ್ಲೇ ಚಿತ್ರ ತೆಗೆಯುತ್ತದೆ. ರಿಂಗ್ ಇರುವ 50 ಮಿ.ಮೀ. ಎಫ್/1.8 ಡಿ ಹೊಂದುತ್ತದೆ, ಆದರೆ ಅದನ್ನು ಕೊನೆಯ ದಾರಿಯಾಗಿ ಇಟ್ಟುಕೊಂಡಿದ್ದೇನೆ.

ಹೀಗಾಗಿ ರಿಂಗನ್ನು ಬಿಚ್ಚಿ, ಅಂಚನ್ನು ಅರದಿಂದ ಉಜ್ಜಿ ತಗ್ಗಿಸಿ, ಕೊಂಡಿಯನ್ನು ತಳ್ಳುವಷ್ಟು ಉಬ್ಬನ್ನು ಮಾತ್ರ ಉಳಿಸಬೇಕೆಂದಿದ್ದೇನೆ. ಆ ಉಬ್ಬು ಎಲ್ಲಿಂದ ಆರಂಭವಾಗುತ್ತದೆ ಎಂಬುದರ ಮೇಲೆಯೇ ಮೀಟರಿನ ಲೆಕ್ಕವೆಲ್ಲ ನಿಂತಿದೆ. ಕೊಂಚ ಆಚೀಚೆಯಾದರೂ ಪ್ರತಿ ಚಿತ್ರದ ಎಕ್ಸ್‌ಪೋಷರ್ (ಫಿಲ್ಮಿಗೆ ಬೀಳುವ ಬೆಳಕಿನ ಪ್ರಮಾಣ) ತಪ್ಪುತ್ತದೆ, ಉಜ್ಜಿದ ಲೋಹವಂತೂ ಮರಳಿ ಬಾರದು.

ತಮ್ಮಲ್ಲಿ ಯಾರ ಬಳಿಯಾದರೂ ಕಾರ್ಖಾನೆಯಿಂದಲೇ ಎಐ ಆಗಿ ಬಂದ 50 ಮಿ.ಮೀ. ಎಫ್/1.4 ಇದ್ದರೆ, ಅದರ ಉಬ್ಬಿನ ಅಂಚು ರಿಂಗಿನ ಮೇಲಿನ ಯಾವ ಎಫ್ ಸಂಖ್ಯೆಯ ನೇರಕ್ಕೆ ಬರುತ್ತದೆ ಎಂದು ನೋಡಿ ತಿಳಿಸುವಿರಾ?