ಭಾನುವಾರದ ಸೆಟ್ ಮೆನು ಊಟ: ಟೇಬಲ್ ಬುಕ್ ಮಾಡೋ ಮುಂಚೆ ಏನೇನು ಕೇಳಬೇಕು?

ಬೆಂಗಳೂರಿನ ವಿಜಯನಗರದಿಂದ ಪ್ರಶ್ನೆ

ಅಪ್ಪ ಅಮ್ಮನ ಮದುವೆಯಾಗಿ 40 ವರ್ಷ. ಭಾನುವಾರ ಮಧ್ಯಾಹ್ನ ಒಳ್ಳೆಯ ಸ್ಟಾರ್ ಹೋಟೆಲಿನಲ್ಲಿ ಎಂಟು ಜನ ಆರಾಮಾಗಿ ಕೂತು ಊಟ ಮಾಡಬೇಕು ಅಂತಿದೆ. ಬಫೆ ಬೇಡ, ಅಮ್ಮನಿಗೆ ಮಂಡಿ ನೋವು, ತಟ್ಟೆ ಹಿಡಿದು ಓಡಾಡೋಕಾಗಲ್ಲ. ಅಪ್ಪನಿಗೆ ಶುಗರ್, ಇನ್ಸುಲಿನ್ ತಗೋತಾರೆ. ಸೋದರತ್ತೆ ಈರುಳ್ಳಿ ಬೆಳ್ಳುಳ್ಳಿ ಮುಟ್ಟಲ್ಲ. ಇಬ್ಬರು ನಾನ್‌ವೆಜ್, ಜೊತೆಗೆ ಆರು ವರ್ಷದ ಮಗು. ಎಲ್ಲಾ ಸೇರಿ ತಲೆಗೆ 2,500 ರೂಪಾಯಿ ದಾಟಬಾರದು. ಸೆಟ್ ಮೆನು (ನಿಗದಿ ಬೆಲೆಗೆ ಕೋರ್ಸ್ ಒಂದೊಂದಾಗಿ ಟೇಬಲ್ಲಿಗೇ ತಂದು ಬಡಿಸೋದು) ತಗೊಂಡ್ರೆ ಸರಿಹೋಗುತ್ತಾ? ಗೊತ್ತಿರೋರು ಹೇಳಿ.

ಸರ್ವಿಸ್ ಕಡೆಯವನು

ಸರಿಹೋಗುತ್ತೆ, ಆದರೆ ಮೊದಲ ಪ್ರಶ್ನೆ ಒಂದೇ: "ಈ ಸೆಟ್ ಮೆನು ಭಾನುವಾರ ಇದೆಯಾ?" ಹೋಟೆಲುಗಳು ಜಾಹೀರಾತು ಮಾಡುವ ಎಷ್ಟೋ ಸೆಟ್ ಲಂಚ್‌ಗಳು ಆಫೀಸಿನವರಿಗಾಗಿ ಮಾಡಿದವು, ಸೋಮವಾರದಿಂದ ಶುಕ್ರವಾರ ಮಾತ್ರ. ಭಾನುವಾರ ಕಾಫಿ ಶಾಪ್ ಪೂರ್ತಿ ಬ್ರಂಚ್ ಬಫೆಗೆ ಹೋಗಿಬಿಡುತ್ತದೆ. ಸೆಟ್ ಮೆನು ಸಿಗುವುದು ಅದೇ ಹೋಟೆಲಿನ ಬೇರೆ ರೆಸ್ಟೋರೆಂಟಿನಲ್ಲಿ, ಅದೂ ಎಲ್ಲ ಕಡೆ ಅಲ್ಲ. ಹೋಟೆಲಿನ ಸಾಮಾನ್ಯ ನಂಬರಿಗೆ ಫೋನ್ ಮಾಡಿದರೆ ಅರ್ಧ ಮಾಹಿತಿ ಸಿಗುತ್ತದೆ. ಆ ರೆಸ್ಟೋರೆಂಟಿನ ಮ್ಯಾನೇಜರಿಗೇ ಲೈನ್ ಕೊಡಿ ಅನ್ನಿ. ಫೋನ್ ಮಾಡೋದು ಬೆಳಗ್ಗೆ 11ಕ್ಕೋ ಸಂಜೆ 5ಕ್ಕೋ. ಊಟದ ಹೊತ್ತಲ್ಲಿ ಯಾರಿಗೂ ಪುರುಸೊತ್ತಿರಲ್ಲ.

ಎರಡನೆಯದು ಟೈಮ್. ಆರಾಮಾಗಿ ಕೂರಬೇಕಾದರೆ 12:30ಕ್ಕೆ ಕೂರಿ. ಅಡುಗೆಮನೆ ಸಾಮಾನ್ಯವಾಗಿ 3 ಗಂಟೆ ಸುಮಾರಿಗೆ ಮುಚ್ಚುತ್ತದೆ, ಕೊನೆಯ ಆರ್ಡರ್ ಅದಕ್ಕೂ ಕಾಲು ಗಂಟೆ ಮುಂಚೆ. ನಾಲ್ಕು ಕೋರ್ಸಿನ ಊಟಕ್ಕೆ ಎರಡರಿಂದ ಎರಡೂವರೆ ಗಂಟೆ ಬೇಕು. 1:30ಕ್ಕೆ ಬಂದರೆ ಸ್ಟಾರ್ಟರ್ ತಟ್ಟೆ ಎತ್ತುವ ಮುಂಚೆ ಮೇನ್ ಬಂದು ಕೂರುತ್ತದೆ, ಐಸ್‌ಕ್ರೀಮ್ ಹಿಂದೆಯೇ ಬಿಲ್ಲು. ಸರ್ವಿಸಿನವರು ಅವಸರ ಮಾಡುತ್ತಿದ್ದಾರೆ ಅಂತ ಗಿರಾಕಿಗಳಿಗೆ ಕೋಪ. ಅವರೋ ಒಳಗಿನ ಗಡಿಯಾರಕ್ಕೆ ಓಡುತ್ತಿರುತ್ತಾರೆ.

ಕೂತ ಕೂಡಲೇ ಹೇಳಬೇಕಾದ ಮಾತು: "ಮೇನ್ ಹೋಲ್ಡ್ ಮಾಡಿ, ನಾವು ಹೇಳಿದ ಮೇಲೆ ಕಳಿಸಿ." ಸೆಟ್ ಮೆನುವಿನ ಕೆಒಟಿ (ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿ) ಪೂರ್ತಿ ಒಂದೇ ಸಲ ಒಳಗೆ ಹೋಗುತ್ತದೆ. ಹೋಲ್ಡ್ ಅಂತ ಬರೆದಿಲ್ಲ ಅಂದ್ರೆ ಅಡುಗೆಯವರು ತಮ್ಮ ಲೆಕ್ಕದಲ್ಲಿ ಕಳಿಸ್ತಾರೆ. ಹೇಳಿದ ಮೇಲೆ ಎಂಟು ತಟ್ಟೆ ಬರೋಕೆ 12ರಿಂದ 15 ನಿಮಿಷ ಹಿಡಿಯುತ್ತೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

ಕಿಚನ್ 22

ಮೇಲಿನವರು ಹೇಳಿದ್ದು ಸರಿ. ಅಡುಗೆಮನೆ ಕಡೆಯ ಮಾತು ನನ್ನದು.

ಈರುಳ್ಳಿ ಬೆಳ್ಳುಳ್ಳಿ ಬೇಡ ಅನ್ನೋದನ್ನು ಟೇಬಲ್ಲಿಗೆ ಬಂದು ಕೂತ ಮೇಲೆ ಹೇಳಿದರೆ ಬರುವುದು ಜೀರಾ ರೈಸ್, ಮೊಸರು, ಬೇಯಿಸಿದ ತರಕಾರಿ. ಯಾಕಂದ್ರೆ ನಾರ್ತ್ ಇಂಡಿಯನ್ ಕಿಚನ್ನಿನಲ್ಲಿ ಗ್ರೇವಿಗಳೆಲ್ಲ ಬೆಳಗ್ಗೆಯೇ ಆಗಿರ್ತವೆ. ಈರುಳ್ಳಿ ಟೊಮೆಟೊ ಗ್ರೇವಿಯನ್ನು ಬಿಡಿ, ಬೆಣ್ಣೆ ಹಾಕಿದ ಮಖನಿ ಗ್ರೇವಿಯಲ್ಲೂ ಬೆಳ್ಳುಳ್ಳಿ, ಗೋಡಂಬಿಯ ಬಿಳಿ ಗ್ರೇವಿಯಲ್ಲೂ ಬಹಳ ಕಡೆ ಬೇಯಿಸಿದ ಈರುಳ್ಳಿ. ತಂದೂರಿನ ಪನೀರ್ ಮ್ಯಾರಿನೇಡ್‌ನಲ್ಲಿ ಶುಂಠಿ ಬೆಳ್ಳುಳ್ಳಿ ಪೇಸ್ಟ್. ಬಂದ ಮೇಲೆ ತೆಗೆಯೋಕಾಗಲ್ಲ. ಒಂದು ದಿನ ಮುಂಚೆ ಹೇಳಿದರೆ ಅದೇ ಪನೀರನ್ನು ಬೇರೆ ನೆನೆಸಿಡ್ತಾರೆ, ಟೊಮೆಟೊ ಗೋಡಂಬಿ ಹಿಂಗು ಹಾಕಿ ಚಿಕ್ಕ ಗ್ರೇವಿ ಬೇರೆ ಮಾಡ್ತಾರೆ. ಇನ್ನೊಂದು: "ಜೈನ್" ಅಂತ ಹೇಳಬೇಡಿ, ಆಲೂಗಡ್ಡೆ ಕ್ಯಾರೆಟ್ಟೂ ಹೋಗಿಬಿಡುತ್ತೆ. ಏನು ಬೇಡ ಅನ್ನೋದನ್ನ ಹೆಸರಿಟ್ಟು ಹೇಳಿ.

ಇಟಾಲಿಯನ್, ಥಾಯ್ ಕಡೆ ಹೋದರೆ ವೆಜ್‌ನವರಿಗೂ ಗಮನ ಬೇಕು. ಅಸಲಿ ಪಾರ್ಮಿಜಾನೋ ಚೀಸ್ ಕರುವಿನ ಹೊಟ್ಟೆಯ ರೆನೆಟ್‌ನಿಂದ ಹೆಪ್ಪುಗಟ್ಟಿಸಿದ್ದು. ಪನ್ನಾ ಕೋಟಾ, ಕೆಲವು ಮೂಸ್‌ಗಳಂಥ ಸಿಹಿಗಳಲ್ಲಿ ಜೆಲಾಟಿನ್, ಅದು ಪ್ರಾಣಿಗಳ ಮೂಳೆ, ಚರ್ಮದಿಂದ ಬರೋದು. ತಾಜಾ ಪಾಸ್ತಾದಲ್ಲಿ ಮೊಟ್ಟೆ. ಥಾಯ್ ಕರಿ ಪೇಸ್ಟಿಗೆ ಸೀಗಡಿ ಪೇಸ್ಟ್ ಇರುವುದೇ ರೂಢಿ, ವೆಜ್ ಪೇಸ್ಟ್ ಬೇರೆ ಅರೆದಿದ್ದಾರಾ ಕೇಳಿ. ಸೂಪಿಗೆ, ರಿಸೊಟೊಗೆ (ಇಟಾಲಿಯನ್ ಅನ್ನದ ಖಾದ್ಯ) ಯಾವ ಸ್ಟಾಕ್, ಅಂದರೆ ಏನು ಕುದಿಸಿ ಸೋಸಿದ ರಸ, ಅಂತಲೂ ಕೇಳಿ. ವೆಜಿಟಬಲ್ ಸ್ಟಾಕ್ ಆದರೂ ಈರುಳ್ಳಿ ಹಾಕದೆ ಕುದಿಸೋದು ಅಪರೂಪ. ನಿಮ್ಮ ಅತ್ತೆಯವರು ಬರ್ತಾರೆ ಅಂದ್ರೆ ನನ್ನ ಓಟು ದಕ್ಷಿಣದ ಅಡುಗೆಗೆ. ಬೇಳೆ, ಕಾಯಿ, ಹುಣಸೆ, ಹಿಂಗು ಇದ್ದರೆ ಈರುಳ್ಳಿಯ ಹಂಗೇ ಇಲ್ಲ.

ಲೆಕ್ಕದ ಮನುಷ್ಯ

2,500 ಎಲ್ಲಾ ಸೇರಿ ಅಂದ್ರಿ. ಮೆನುವಿನಲ್ಲಿ 2,500 ಅಂತಿದ್ದು ಪಕ್ಕದಲ್ಲಿ ಎರಡು ಪ್ಲಸ್ ಗುರುತಿದ್ದರೆ ಅದು ತೆರಿಗೆ ಬಿಟ್ಟು. 2025ರ ಏಪ್ರಿಲ್ 1ರಿಂದ ಇರುವ ನಿಯಮದಂತೆ, ಹಿಂದಿನ ಹಣಕಾಸು ವರ್ಷದಲ್ಲಿ ಯಾವುದಾದರೂ ಕೋಣೆಯ ಬಾಡಿಗೆ ದಿನಕ್ಕೆ 7,500 ದಾಟಿದ್ದರೆ ಆ ಹೋಟೆಲಿನೊಳಗಿನ ರೆಸ್ಟೋರೆಂಟಿಗೆ 18% ಜಿಎಸ್‌ಟಿ. ದಾಟದಿದ್ದರೆ ಸಾಮಾನ್ಯವಾಗಿ 5%. ನೀವು ನೋಡುತ್ತಿರುವ ದರ್ಜೆಯ ಹೋಟೆಲಿಗೆ 18 ಅಂತಲೇ ಹಿಡಿಯಿರಿ.

ಅಂದರೆ ನೀವು ಹುಡುಕಬೇಕಾದ್ದು 2,100ರ ಮೆನು. ಎಂಟು ಜನಕ್ಕೆ 16,800, ತೆರಿಗೆ ಸೇರಿ 19,824. ಇದರ ಮೇಲೆ 10% ಸರ್ವಿಸ್ ಚಾರ್ಜ್ ಸೇರಿಸಿದರೆ ಅದಕ್ಕೂ ಜಿಎಸ್‌ಟಿ ಬೀಳುತ್ತೆ: 21,806. ನಿಮ್ಮ 20,000ದ ಗೆರೆ ದಾಟೋದು ಅಲ್ಲೇ.

ಸರ್ವಿಸ್ ಚಾರ್ಜನ್ನು ಬಿಲ್ಲಿಗೆ ತಾನಾಗಿ ಸೇರಿಸುವಂತಿಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2022ರ ಜುಲೈ 4ರ ಮಾರ್ಗಸೂಚಿ ಇದನ್ನೇ ಹೇಳುತ್ತೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿದಿದೆ. ತೆಗೆಯಿರಿ ಅಂದ್ರೆ ತೆಗೀಬೇಕು. ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915. ಬಡಿಸಿದವರಿಗೆ ಕೈಯಾರೆ ಟಿಪ್ಸ್ ಕೊಡಿ, ಅದು ಬೇರೆ ಮಾತು.

ಸೋರಿಕೆ ಇನ್ನೂ ಮೂರು ಕಡೆ. ಕೂತ ಕೂಡಲೇ ಬಾಟಲ್ ನೀರು ತೆರೆದುಬಿಡ್ತಾರೆ, ರೆಗ್ಯುಲರ್ ವಾಟರ್ ಅಂತ ಮೊದಲೇ ಹೇಳಿ. ಸೀಗಡಿ, ಮಟನ್ ಆರಿಸಿದರೆ ಮೇಲೆ ಇಷ್ಟು ಅಂತ ಮೆನು ಕೆಳಗೆ ಚಿಕ್ಕ ಅಕ್ಷರದಲ್ಲಿರುತ್ತೆ. ಕಾಫಿ ಸೇರಿದೆಯಾ ಅನ್ನೋದು ಮೂರನೆಯದು. ಡೈನಿಂಗ್ ಆ್ಯಪ್ ರಿಯಾಯಿತಿ ನಂಬಿಕೊಂಡು ಹೋಗಬೇಡಿ, ಸೆಟ್ ಮೆನುವಿಗೆ ಅನ್ವಯಿಸಲ್ಲ ಅನ್ನೋದೇ ಹೆಚ್ಚು.

ಮಲ್ಲೇಶ್ವರ 15ನೇ ಅಡ್ಡರಸ್ತೆ

ಇಷ್ಟೆಲ್ಲ ಹೇಳಿದಿರಿ, ಪಂಚಾಂಗ ನೋಡಿ ಅಂತ ಯಾರೂ ಹೇಳಲಿಲ್ಲ! ಆ ಭಾನುವಾರ ಏಕಾದಶಿಯೋ ಸಂಕಷ್ಟಿಯೋ ಬಂದರೆ ಅತ್ತೆಯವರು ಹಣ್ಣು ತಿಂದು ಕೂರ್ತಾರೆ, ಬಿಲ್ಲು ಮಾತ್ರ ಎಂಟು ಜನದ್ದೇ. ದೊಡ್ಡ ಮುಹೂರ್ತದ ದಿನವೂ ಬೇಡ; ಅದೇ ಹೋಟೆಲಿನ ಹಾಲ್‌ನಲ್ಲಿ ಮದುವೆಯಿದ್ದರೆ ಗೇಟಿನಲ್ಲೇ ಅರ್ಧ ಗಂಟೆ.

ವಿಜಯನಗರದಿಂದ

ಎಲ್ಲರಿಗೂ ಥ್ಯಾಂಕ್ಸ್. ಹೋಟೆಲ್ ಹೆಸರು ಯಾರಾದ್ರೂ ಹೇಳ್ತೀರಾ? ಎಂಟಿಆರ್ ಸಾಕು ಅಂತ ಅಪ್ಪ. ಮಗುವಿಗೂ ಪೂರ್ತಿ ಸೆಟ್ ತಗೋಬೇಕಾ? ಇನ್ಸುಲಿನ್ ಬಗ್ಗೆಯೂ ಹೇಳಿ.

ಕಿಚನ್ 22

ಲಾಲ್‌ಬಾಗ್ ರಸ್ತೆ ಎಂಟಿಆರ್ ಊಟದ ರುಚಿಗೆ ಎರಡು ಮಾತಿಲ್ಲ, 1924ರಿಂದ ನಡೆದು ಬಂದ ಹೆಸರು. ಆದರೆ ಅಲ್ಲಿ ಹೊರಗೆ ಜನ ಕಾಯ್ತಿರ್ತಾರೆ, ಉಂಡು ಏಳಬೇಕು. ಹರಟೆಗೆ ಅಲ್ಲ. ದಕ್ಷಿಣದ ಅಡುಗೆಯೇ ಬೇಕು ಅಂದ್ರೆ ಐಟಿಸಿ ವಿಂಡ್ಸರ್‌ನ ದಕ್ಷಿಣ್, ಮೀನು ತಿನ್ನೋರ ಮನಸ್ಸಿಗೆ ರೆಸಿಡೆನ್ಸಿ ರಸ್ತೆಯ ಕರಾವಳಿ ರೆಸ್ಟೋರೆಂಟ್, ಎರಡೂ ಕಡೆ ಫೋನ್ ಮಾಡಿ ಕೇಳಿ. ಸೆಟ್ ಮೆನುವೂ ಬೆಲೆಯೂ ಬದಲಾಗುತ್ತಿರುತ್ತವೆ, ಹಳೆಯ ಫೋಟೋ ನೋಡಿ ನಿರ್ಧರಿಸಬೇಡಿ.

ಇನ್ಸುಲಿನ್ ವಿಷಯ ಗಂಭೀರ. ಕೋರ್ಸ್ ಊಟದಲ್ಲಿ ಅನ್ನ, ರೊಟ್ಟಿ ಬರುವುದು ಕೂತ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಆದಮೇಲೆ. ಊಟಕ್ಕೆ ಮುಂಚಿನ ಡೋಸ್ ಮನೆಯಲ್ಲೇ ಹಾಕಿಕೊಂಡು ಹೊರಟರೆ ಸೂಪ್ ಬರೋ ಹೊತ್ತಿಗೆ ಶುಗರ್ ಇಳಿಯಬಹುದು. ಯಾವಾಗ ಹಾಕಿಕೊಳ್ಳಬೇಕು ಅಂತ ಅವರ ಡಾಕ್ಟರನ್ನೇ ಕೇಳಿಕೊಂಡು ಹೋಗಿ.

ಸರ್ವಿಸ್ ಕಡೆಯವನು

ಮಗುವಿನ ಬಗ್ಗೆ: ಟೇಬಲ್ಲಿನ ಎಲ್ಲರೂ ಸೆಟ್ ಮೆನುವೇ ತಗೋಬೇಕು ಅನ್ನೋ ನಿಯಮ ಬಹಳ ಕಡೆ ಇದೆ, ಆದರೆ ಆರು ವರ್ಷದ ಮಗುವಿಗೆ ಬಿಡ್ತಾರೆ. ಮುಂಚೆ ಕೇಳಿದರೆ ಮಾತ್ರ. ಮಗುವಿನ ತಟ್ಟೆ ದೊಡ್ಡವರ ಸ್ಟಾರ್ಟರ್ ಜೊತೆಗೇ ಬರಲಿ ಅನ್ನಿ.

ಎಂಟು ಜನಕ್ಕೆ ಐದಡಿ ಅಗಲದ ದುಂಡು ಟೇಬಲ್ ಸಾಕು. ಉದ್ದ ಟೇಬಲ್ ಕೊಟ್ಟರೆ ಈ ತುದಿಯವರ ಮಾತು ಆ ತುದಿಗೆ ಕೇಳಿಸಲ್ಲ. ಸೋಫಾ ಬೇಡ, ತಗ್ಗಿನಿಂದ ಏಳೋದು ಮಂಡಿಗೆ ಕಷ್ಟ, ಕೈಯಿರುವ ಕುರ್ಚಿ ಕೇಳಿ. ರೆಸ್ಟೋರೆಂಟಿಗೆ ಎಷ್ಟು ಮೆಟ್ಟಿಲು, ಟಾಯ್ಲೆಟ್ ಎಷ್ಟು ದೂರ ಅನ್ನೋದನ್ನೂ ಕೇಳಿ. ಹೊರಗಿನ ಕೇಕ್ ಬಹಳ ಕಡೆ ಬಿಡಲ್ಲ. ವಾರ್ಷಿಕೋತ್ಸವ ಅಂದ್ರೆ ಎಷ್ಟೋ ಕಡೆ ಅವರೇ ಚಿಕ್ಕದೊಂದು ಕೊಡ್ತಾರೆ, ಎಗ್‌ಲೆಸ್ ಅಂತ ಹೇಳೋದು ಮರೀಬೇಡಿ.

ಮಾತಾಡಿದ್ದೆಲ್ಲ ಮೇಲ್‌ನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಬರಲಿ. ಹೀಗೆ ಕಳಿಸಿ: "ಭಾನುವಾರ 12:30, ಏಳು ಜನ ದೊಡ್ಡವರು, ಒಂದು ಮಗು. ಐವರು ವೆಜ್, ಇಬ್ಬರು ನಾನ್‌ವೆಜ್. ವೆಜ್‌ನಲ್ಲಿ ಒಬ್ಬರಿಗೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ, ಎಲ್ಲ ಕೋರ್ಸ್‌ಗೂ. ದುಂಡು ಟೇಬಲ್, ಕೈಯಿರುವ ಕುರ್ಚಿ. ಮೇನ್ ನಾವು ಹೇಳಿದ ಮೇಲೆ. ತೆರಿಗೆ ಸೇರಿ ಒಟ್ಟು ಎಷ್ಟು, ಅಡ್ವಾನ್ಸ್ ಎಷ್ಟು, ಎಷ್ಟು ಗಂಟೆ ಮುಂಚೆ ರದ್ದು ಮಾಡಿದರೆ ವಾಪಸ್, ದಯವಿಟ್ಟು ತಿಳಿಸಿ." ಶನಿವಾರ ಸಂಜೆ ಇದೇ ಮೆಸೇಜ್ ಇನ್ನೊಮ್ಮೆ ಕಳಿಸಿ, ಬುಕಿಂಗ್ ತಗೊಂಡವರು ಭಾನುವಾರ ಡ್ಯೂಟಿಯಲ್ಲಿ ಇರಲೇಬೇಕು ಅಂತೇನಿಲ್ಲ.

ಲೆಕ್ಕದ ಮನುಷ್ಯ

ಭಾನುವಾರ ಕಬ್ಬನ್ ಪಾರ್ಕ್ ಒಳಗಿನ ರಸ್ತೆಗಳಲ್ಲಿ ಗಾಡಿ ಬಿಡಲ್ಲ. ವಿಜಯನಗರದಿಂದ ರೆಸಿಡೆನ್ಸಿ ರಸ್ತೆ ಕಡೆಗೆ ಆ ಲೆಕ್ಕದಲ್ಲಿ ಹೊರಡಿ. ವಾಪಸ್ ಬರುವಾಗ ಬಿಲ್ ತರಿಸುವ ಹೊತ್ತಿಗೇ ವ್ಯಾಲೆ ಟೋಕನ್ (ಕಾರು ನಿಲ್ಲಿಸೋಕೆ ಕೊಟ್ಟಾಗ ಸಿಕ್ಕ ಚೀಟಿ) ಕೊಟ್ಟುಬಿಡಿ. ಮೂರು ಗಂಟೆಗೆ ಬ್ರಂಚ್‌ನವರೆಲ್ಲ ಒಟ್ಟಿಗೆ ಏಳ್ತಾರೆ.