ಅರಬಿ, ಇಂಗ್ಲಿಷ್ ಕಾವ್ಯದ ಹೊಸತನವನ್ನು ಕಂಪ್ಯೂಟರ್ ಎಣಿಕೆಯಿಂದ ಹೋಲಿಸಬಹುದೇ?

ಪ್ರಶ್ನೆ: ಎಂ.ಎ. ವಿದ್ಯಾರ್ಥಿನಿ, ವಿಜಯಪುರ

ಎಲ್ಲರಿಗೂ ನಮಸ್ಕಾರ. ಅರಬಿ ಮತ್ತು ಇಂಗ್ಲಿಷ್ ಕಾವ್ಯದಲ್ಲಿ ಪರಂಪರೆ ಹಾಗೂ ಆಧುನಿಕತೆ ಎಂಬುದು ನನ್ನ ಕಿರುಪ್ರಬಂಧದ ವಿಷಯ. ಒಂದು ಕಡೆ ಇಂಗ್ಲಿಷ್ ಕವಿ ಟಿ.ಎಸ್. ಎಲಿಯಟ್, ಇನ್ನೊಂದು ಕಡೆ ಎಲಿಯಟ್‌ನನ್ನು ಆಸಕ್ತಿಯಿಂದ ಓದಿಕೊಂಡಿದ್ದ ಇರಾಕಿನ ಕವಿ ಬದ್ರ್ ಶಾಕಿರ್ ಅಲ್-ಸಯ್ಯಾಬ್. ಚಿಕ್ಕಂದಿನಲ್ಲಿ ಕಲಿತ ಅರಬಿ ನನಗೆ ಓದಲು ಸಾಕಾಗುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಮಾತ್ರ ಈಚೆಗೆ ಕಲಿತದ್ದು. ಒಟ್ಟು ಪದಗಳಲ್ಲಿ ಬೇರೆಬೇರೆ ಪದಗಳ ಪಾಲು ಎಷ್ಟೆಂದು ಎಣಿಸಿದರೆ, ಅರಬಿಯ ಪಾಲು ಇಂಗ್ಲಿಷಿನದಕ್ಕಿಂತ ಬಹಳ ಮೇಲೆ ನಿಲ್ಲುತ್ತದೆ. ಸಯ್ಯಾಬ್‌ನ ಭಾಷೆಯೇ ಹೆಚ್ಚು ಹೊಸದು ಎನ್ನಲು ಇದನ್ನು ಪುರಾವೆಯಾಗಿ ಕೊಡಬಹುದೇ?

ಉತ್ತರ: ಸಾಫ್ಟ್‌ವೇರ್ ಉದ್ಯೋಗಿ, ಬೆಳಗಾವಿ

ಕೊಡಬೇಡಿ ತಂಗಿ. ಆ ಅಂಕಿ ಕವಿಯ ಬಗ್ಗೆ ಹೇಳುವುದಕ್ಕಿಂತ ಬರವಣಿಗೆಯ ಪದ್ಧತಿಯ ಬಗ್ಗೆಯೇ ಹೆಚ್ಚು ಹೇಳುತ್ತದೆ. ನಮ್ಮ ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಪದದ ಬೆನ್ನಿಗೆ ಅಂಟುವಂತೆ ಅರಬಿಯಲ್ಲಿ ‘ಮತ್ತು’, ‘ಇಂದ’, ‘ಆ’ ಎಂಬರ್ಥದ ಚಿಕ್ಕ ಅಂಶಗಳು ಪದದ ಮುಂದೆ ಕೂಡಿಕೊಂಡೇ ಬರುವುದರಿಂದ, ಖಾಲಿ ಜಾಗ ನೋಡಿ ತುಂಡರಿಸುವ ಪ್ರೋಗ್ರಾಂ ಒಂದೇ ಪದದ ಹಲವು ರೂಪಗಳನ್ನು ಹಲವು ಪದಗಳೆಂದು ಲೆಕ್ಕ ಹಾಕುತ್ತದೆ. ಮೊದಲು ಅವನ್ನು ಬಿಡಿಸಬೇಕು. ಪಠ್ಯ ಉದ್ದವಾದಷ್ಟೂ ಈ ಪಾಲು ತಾನಾಗಿಯೇ ಇಳಿಯುವುದರಿಂದ ಎರಡೂ ಕಡೆ ಸಮ ಉದ್ದದ ಭಾಗಗಳನ್ನೇ ತೆಗೆದುಕೊಳ್ಳಬೇಕು. ಬಿಡಿಸುವ ಕೆಲಸಕ್ಕೆ ಅಬುಧಾಬಿಯ ನ್ಯೂಯಾರ್ಕ್ ವಿಶ್ವವಿದ್ಯಾಲಯದವರ ಕ್ಯಾಮೆಲ್ ಟೂಲ್ಸ್ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಆದರೆ ಇಂಥ ಸಾಧನಗಳು ಹೆಚ್ಚಾಗಿ ಪತ್ರಿಕಾ ಗದ್ಯದಿಂದ ಕಲಿತವು. ಕಾವ್ಯಕ್ಕೆ ಬಂದಾಗ ಎಡವುತ್ತವೆ. ಹೊರಬಂದದ್ದನ್ನು ಒಮ್ಮೆ ಕಣ್ಣಾಡಿಸದೆ ನಂಬುವುದು ಸರಿಯಲ್ಲ.

ಉತ್ತರ: ನಿವೃತ್ತ ಅರಬಿ ಅಧ್ಯಾಪಕ, ವಿಜಯಪುರ

ಪದಗಳಿಗಿಂತ ಮೊದಲು ಛಂದಸ್ಸನ್ನು ನೋಡಿ ಎಂಬುದು ನನ್ನ ಸಲಹೆ, ಏಕೆಂದರೆ ಅರಬಿಯಲ್ಲಿ ಪರಂಪರೆಯೊಂದಿಗಿನ ಜಗಳ ನಡೆದದ್ದು ಬಹುಮಟ್ಟಿಗೆ ಅಲ್ಲಿಯೇ. ಎಂಟನೆಯ ಶತಮಾನದ ಛಂದಸ್ಸಿನ ಪಂಡಿತ ಅಲ್-ಖಲೀಲ್ ಹಳೆಯ ಕಾವ್ಯದ ಲಯಗಳನ್ನು 15 ಬಹ್ರ್‌ಗಳಾಗಿ, ಅಂದರೆ ಛಂದೋಬಂಧಗಳಾಗಿ, ವಿಂಗಡಿಸಿ ಐದು ವರ್ತುಲಗಳಲ್ಲಿ ಜೋಡಿಸಿದನು. ಹದಿನಾರನೆಯದಾದ ಮುತದಾರಿಕ್ ಅವನ ನಂತರದ ವ್ಯಾಕರಣಕಾರ ಅಲ್-ಅಖ್ಫಶ್‌ನ ಸೇರ್ಪಡೆ ಎಂಬುದು ಸಂಪ್ರದಾಯದ ಮಾತು. ಒಂದೇ ಗಣವನ್ನು ತಿರುಗಿಸಿ ಇನ್ನೊಂದು ಲಯ ಪಡೆಯುವ ಆ ವರ್ತುಲಗಳನ್ನು ಕಂಡರೆ, ಖಲೀಲನು ಇಂದು ಹುಟ್ಟಿದ್ದರೆ ಪ್ರೋಗ್ರಾಮರ್ ಆಗುತ್ತಿದ್ದನೇನೋ ಎನಿಸುತ್ತದೆ. 1947ರಲ್ಲಿ ಇರಾಕಿನ ಕವಯಿತ್ರಿ ನಾಝಿಕ್ ಅಲ್-ಮಲಾಇಕಾ ಈಜಿಪ್ಟಿನ ಕಾಲರಾ ಪಿಡುಗಿನ ಮೇಲೆ ಬರೆದ ಕವಿತೆ ‘ಮುಕ್ತ’ವೆಂದು ಹೆಸರಾಯಿತು, ಆದರೆ ಅದು ಬಿಟ್ಟದ್ದು ಎರಡು ಸಮ ಅರ್ಧಗಳ ಸಾಲನ್ನು ಮತ್ತು ಕೊನೆಯತನಕ ಒಂದೇ ಪ್ರಾಸವನ್ನು ಮಾತ್ರ, ಲಯ ಅದೇ ಮುತದಾರಿಕ್. ಸಯ್ಯಾಬ್‌ನ ‘ಮಳೆಯ ಹಾಡು’ ರಜಝ್ ಎಂಬ ಬಹು ಹಳೆಯ ಲಯದಲ್ಲಿದೆ. ಒಂದು ಸಾಲಿಗೆ ಎಷ್ಟು ಗಣ ಎಂಬುದಷ್ಟೇ ಕವಿಯ ಇಚ್ಛೆಗೆ ಬಿಟ್ಟದ್ದು. ಗಣವನ್ನೂ ಕೈಬಿಟ್ಟ ಗದ್ಯಕವಿತೆಗೆ ನೆಲೆ ಸಿಕ್ಕಿದ್ದು 1957ರಲ್ಲಿ ಬೈರೂತ್‌ನಲ್ಲಿ ಆರಂಭವಾದ ‘ಶಿಅರ್’ ಪತ್ರಿಕೆಯ ಸುತ್ತಮುತ್ತ.

ಆದ್ದರಿಂದ ಪ್ರತಿ ಸಾಲಿನ ಗಣಗಳನ್ನು ಎಣಿಸಿದರೆ ನಿಮಗೆ ನಿಜವಾದ ವಸ್ತು ದೊರೆಯುತ್ತದೆ. ಅಡ್ಡಿ ಒಂದಿದೆ: ಮುದ್ರಿತ ಅರಬಿಯಲ್ಲಿ ಹ್ರಸ್ವ ಸ್ವರಗಳ ಚಿಹ್ನೆಗಳನ್ನು ಸಾಮಾನ್ಯವಾಗಿ ಹಾಕುವುದಿಲ್ಲ, ಆ ಚಿಹ್ನೆಗಳಿಲ್ಲದೆ ಲಯ ತಿಳಿಯುವುದಿಲ್ಲ. ಅವನ್ನು ನೀವೇ ಹಾಕಿ. ಬೇಕಿದ್ದರೆ ನಾನು ತಿದ್ದಿಕೊಡುತ್ತೇನೆ.

ಪ್ರಶ್ನೆ ಕೇಳಿದವರು:

ಧನ್ಯವಾದಗಳು ಸರ್, ಖಂಡಿತ ಕಳುಹಿಸುತ್ತೇನೆ. ಆದರೆ ಇಂಗ್ಲಿಷಿನ ಛಂದಸ್ಸು ನಿಂತಿರುವುದು ಉಚ್ಚಾರದ ಒತ್ತಿನ ಮೇಲೆ, ಅರಬಿಯದು ಹ್ರಸ್ವ-ದೀರ್ಘದ ಮೇಲೆ. ಎರಡನ್ನೂ ಒಂದೇ ಕೋಷ್ಟಕದಲ್ಲಿ ಇಡುವುದು ಹೇಗೆ?

ಉತ್ತರ: ಕನ್ನಡ ಅಧ್ಯಾಪಕಿ, ಬಾಗಲಕೋಟೆ

ಇಡಬೇಕಾಗಿಯೇ ಇಲ್ಲ. ಎಲಿಯಟ್‌ನನ್ನು ಸಯ್ಯಾಬ್‌ನ ಜೊತೆಗಲ್ಲ, ಇಂಗ್ಲಿಷಿನ ಐದು ಒತ್ತುಗಳ ಸಾಲಿನ ಜೊತೆಗೆ ಹೋಲಿಸಿ. ಸಯ್ಯಾಬ್‌ನನ್ನು ಹಳೆಯ ಕಸೀದಾಗಳ, ಅಂದರೆ ಒಂದೇ ಪ್ರಾಸದ ಹಳೆಯ ಅರಬಿ ದೀರ್ಘ ಕವಿತೆಗಳ, ಜೊತೆಗೆ ಹೋಲಿಸಿ. ತಮ್ಮತಮ್ಮ ಪರಂಪರೆಯಿಂದ ಯಾರು ಎಲ್ಲೆಲ್ಲಿ ಎಷ್ಟು ದೂರ ಸರಿದಿದ್ದಾರೆ ಎಂಬ ಎರಡು ನಕ್ಷೆಗಳನ್ನು ಆಮೇಲೆ ಅಕ್ಕಪಕ್ಕ ಇಡಬಹುದು. ಎಲಿಯಟ್‌ನ ‘ದಿ ವೇಸ್ಟ್ ಲ್ಯಾಂಡ್’ ಕವಿತೆ ಒಂದೇ ಹದದಲ್ಲಿ ಹೊಸದಾಗಿಲ್ಲ: ಮೂರನೆಯ ಭಾಗದ ಟೈಪಿಸ್ಟ್ ಹೆಣ್ಣಿನ ಪ್ರಸಂಗದಲ್ಲಿ ಹಳೆಯ ಲಯ ಮತ್ತು ಪ್ರಾಸ ಸ್ಪಷ್ಟವಾಗಿ ಮರಳುತ್ತವೆ. ಇಡೀ ಕವಿತೆಗೆ ಒಂದು ಸರಾಸರಿ ತೆಗೆದರೆ ಇದೇ ಕಳೆದುಹೋಗುತ್ತದೆ. ಕನ್ನಡ ನವ್ಯರ ಮುಕ್ತಛಂದಸ್ಸನ್ನು ಓದಿದವರಿಗೆ ಸಯ್ಯಾಬ್‌ನ ಮಾರ್ಗ ಅಪರಿಚಿತವೂ ಅಲ್ಲ. ಸಾಲುಗಳು ಏರುಪೇರಾದರೂ ಒಳಗೆ ಮಾತ್ರಾಗಣದ ನಡೆ ಅನೇಕ ಕಡೆ ಉಳಿದಿದೆ. ನಮ್ಮ ಲಿಪಿ ಸ್ವರಗಳನ್ನು ತೋರಿಸುವುದರಿಂದ ಲಘು-ಗುರು ಹಾಕುವ ಪ್ರೋಗ್ರಾಂ ಬರೆಯುವುದೂ ಸುಲಭ. ಮೊದಲು ಕನ್ನಡದ ಮೇಲೆ ಕೈ ಪಳಗಿಸಿಕೊಂಡು ಅರಬಿಗೆ ಹೋಗಿ.

ಇನ್ನೊಂದು ಮಾತು. ಪುರಾಣಗಳ ಹುಡುಕಾಟವನ್ನು ಯಂತ್ರಕ್ಕೆ ಒಪ್ಪಿಸಬೇಡಿ. ‘ಮಳೆಯ ಹಾಡಿ’ನಲ್ಲಿ ಕುರ್‌ಆನಿನ ಸಮೂದ್ ಜನರ ಹೆಸರು ಇರುವುದರಿಂದ ಅದು ಸಿಗುತ್ತದೆ, ಕವಿತೆಯ ಒಡಲಲ್ಲಿ ಅನೇಕ ವಿಮರ್ಶಕರು ಗುರುತಿಸುವ ತಮ್ಮೂಝ್ ಎಂಬ ಬೆಳೆಯ ದೇವರ ಸಾವು ಮತ್ತು ಮರುಹುಟ್ಟಿನ ಕಥೆ ಹೆಸರಿಲ್ಲದೆ ಬರುವುದರಿಂದ ಸಿಗುವುದಿಲ್ಲ. ಅದನ್ನು ಓದಿ, ಕೈಯಿಂದ ಗುರುತು ಹಾಕಿ, ಬೇರೆ ಕಾಲಂನಲ್ಲಿ ಸೇರಿಸಿಕೊಳ್ಳಿ.