‘ಐ ಆಮ್ ಹ್ಯಾವಿಂಗ್ ಲಂಚ್’ ಸರಿ, ‘ಐ ಆಮ್ ಹ್ಯಾವಿಂಗ್ ಎಕ್ಸ್‌ಪೀರಿಯೆನ್ಸ್’ ಯಾಕೆ ತಪ್ಪು?

ತುಂಗಾತೀರ:
ಕೆಲಸಕ್ಕೆ ಅರ್ಜಿ ಹಾಕಲು ರೆಸ್ಯೂಮೆ ಬರೆಯುತ್ತಿದ್ದೇನೆ. ‘ಐ ಆಮ್ ಹ್ಯಾವಿಂಗ್ ಟೂ ಇಯರ್ಸ್ ಆಫ್ ಎಕ್ಸ್‌ಪೀರಿಯೆನ್ಸ್’ ಅಂತ ಹಾಕಿದರೆ ಗ್ರಾಮರ್ ಆ್ಯಪ್ ಕೆಂಪು ಗೆರೆ ಎಳೆಯುತ್ತದೆ. ‘ಐ ಆಮ್ ಹ್ಯಾವಿಂಗ್ ಲಂಚ್’ ಅಂದರೆ ಸುಮ್ಮನಿರುತ್ತದೆ. ಸ್ಟೇಟಿವ್ ವರ್ಬ್‌ಗಳ, ಅಂದರೆ ಸ್ಥಿತಿ ಹೇಳುವ, ‘ಇಂಗ್’ ಹಚ್ಚಬಾರದು ಅನ್ನುವ ಕ್ರಿಯಾಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿದ್ದೇನೆ, ಅದರಲ್ಲಿ ಹ್ಯಾವ್ ಇದೆ. ಹಾಗಿದ್ದರೆ ಎರಡೂ ತಪ್ಪಾಗಬೇಕಿತ್ತು ಅಲ್ವಾ?

ಹಳೇಮೇಷ್ಟ್ರು:
ಪಟ್ಟಿ ಪಕ್ಕಕ್ಕಿಡಿ. ಕ್ರಿಯಾಪದ ಯಾವುದು ಅನ್ನುವುದಕ್ಕಿಂತ, ಆ ವಾಕ್ಯದಲ್ಲಿ ಅದರ ಅರ್ಥ ಏನು ಅಂತ ನೋಡಿ. ಊಟ ಶುರುವಾಗುತ್ತದೆ, ನಡೆಯುತ್ತದೆ, ಮುಗಿಯುತ್ತದೆ. ಅದು ಕೆಲಸ. ಅನುಭವ ನಿಮಗೆ ಇದೆ, ಅಷ್ಟೇ. ಅದು ಸ್ಥಿತಿ. ಸ್ಥಿತಿಗೆ ‘ಐ ಹ್ಯಾವ್ ಟೂ ಇಯರ್ಸ್ ಆಫ್ ಎಕ್ಸ್‌ಪೀರಿಯೆನ್ಸ್’ ಅಂತಲೇ ಬರೆಯಬೇಕು.

ಥಿಂಕ್ ಕೂಡ ಹೀಗೇ. ‘ಐ ಥಿಂಕ್ ಇಟ್ ಈಸ್ ಕಾಸ್ಟ್ಲಿ’ ಅಂದರೆ ಅಭಿಪ್ರಾಯ. ‘ಐ ಆಮ್ ಥಿಂಕಿಂಗ್ ಅಬೌಟ್ ಇಟ್’ ಅಂದರೆ ಈಗ ಯೋಚನೆ ನಡೆದಿದೆ. ‘ದಿ ಸೂಪ್ ಟೇಸ್ಟ್ಸ್ ಸಾಲ್ಟಿ’ ಅನ್ನುವಾಗ ಸೂಪ್ ಏನೂ ಮಾಡುತ್ತಿಲ್ಲ. ‘ಶೀ ಈಸ್ ಟೇಸ್ಟಿಂಗ್ ದಿ ಸೂಪ್’ ಅನ್ನುವಾಗ ಅವಳು ಚಮಚ ಹಿಡಿದು ರುಚಿ ನೋಡುತ್ತಿದ್ದಾಳೆ.

ನನಗೆ ತುಂಬ ಇಷ್ಟವಾದ ಜೋಡಿ ಇನ್ನೊಂದಿದೆ. ‘ಹೀ ಈಸ್ ರೂಡ್’ ಅಂದರೆ ಅವನ ಸ್ವಭಾವವೇ ಒರಟು. ‘ಹೀ ಈಸ್ ಬೀಯಿಂಗ್ ರೂಡ್’ ಅಂದರೆ ಸದ್ಯಕ್ಕೆ ಹಾಗೆ ಆಡುತ್ತಿದ್ದಾನೆ. ಒಬ್ಬ ಮನುಷ್ಯನ ಬಗ್ಗೆ ನೀವು ಕೊಡುವ ತೀರ್ಪೇ ಬದಲಾಗುತ್ತದೆ. ಇದನ್ನು ಯಾವ ಪಟ್ಟಿಯೂ ಕಲಿಸುವುದಿಲ್ಲ.

ತುಂಗಾತೀರ:
ಧನ್ಯವಾದ ಸರ್. ಹಾಗಾದರೆ ಕನ್ನಡದಲ್ಲಿ ಒಮ್ಮೆ ಹೇಳಿಕೊಂಡು ನೋಡಿದರೆ ಸಾಕಾ?

ಪದಮೋಹಿ:
ಅರ್ಧ ದಾರಿ ಮಾತ್ರ ಬರುತ್ತದೆ. ಗೊತ್ತು, ಬೇಕು, ಇಷ್ಟ ಇವಕ್ಕೆ ನಾವೂ ‘ತ್ತಿದ್ದೇನೆ’ ಹಚ್ಚುವುದಿಲ್ಲ. ನೋ, ವಾಂಟ್, ಲೈಕ್ ಬಂದಾಗ ಕನ್ನಡ ಕೈ ಹಿಡಿಯುತ್ತದೆ. ಆದರೆ ‘ಅರ್ಥ ಆಗ್ತಾ ಇಲ್ಲ’, ‘ಕೇಳಿಸ್ತಾ ಇದೆಯಾ’, ‘ಕಾಣಿಸ್ತಾ ಇಲ್ಲ’ ಅಂತ ದಿನಾ ಹೇಳುತ್ತೇವೆ. ಅದೇ ಜಾಡಿನಲ್ಲಿ ‘ಐ ಆಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್’, ‘ಆರ್ ಯೂ ಹಿಯರಿಂಗ್ ಮೀ’ ಬಾಯಿಗೆ ಬರುತ್ತದೆ. ಇಂಗ್ಲಿಷಿನಲ್ಲಿ ಮೊದಲನೆಯದು ‘ಐ ಡೋಂಟ್ ಅಂಡರ್‌ಸ್ಟ್ಯಾಂಡ್’. ಕೇಳಿಸುವುದು, ಕಾಣಿಸುವುದಕ್ಕೆ ಕ್ಯಾನ್ ಹಾಕಿ: ‘ಕ್ಯಾನ್ ಯೂ ಹಿಯರ್ ಮೀ’, ‘ಐ ಕಾಂಟ್ ಸೀ ದಿ ಸ್ಕ್ರೀನ್’.

ಇನ್ನೊಂದು ಕಡೆ ಜಾಸ್ತಿ ಜನ ಎಡವುತ್ತಾರೆ. ‘ಹತ್ತು ವರ್ಷದಿಂದ ಅವರು ಗೊತ್ತು’ ಅನ್ನಲು ‘ಐ ಆಮ್ ನೋಯಿಂಗ್ ಹಿಮ್ ಸಿನ್ಸ್ ಟೆನ್ ಇಯರ್ಸ್’ ಅಲ್ಲ, ‘ಐ ಹ್ಯಾವ್ ನೋನ್ ಹಿಮ್ ಫಾರ್ ಟೆನ್ ಇಯರ್ಸ್’.

ಹೀಗೆ ‘ಇಂಗ್’ ಹೆಚ್ಚು ಬಳಸುವುದನ್ನು ಭಾರತೀಯ ಇಂಗ್ಲಿಷಿನ ಲಕ್ಷಣ ಅಂತ ಭಾಷಾಶಾಸ್ತ್ರಜ್ಞರೇ ಗುರುತಿಸಿದ್ದಾರೆ. ನಮ್ಮ ನಮ್ಮಲ್ಲಿ ಮಾತಾಡುವಾಗ ಅದಕ್ಕೆ ನಾಚಿಕೊಳ್ಳಬೇಕಿಲ್ಲ. ರೆಸ್ಯೂಮೆಯಲ್ಲಿ, ಪರೀಕ್ಷೆಯಲ್ಲಿ ಮಾತ್ರ ತಿದ್ದಿಕೊಳ್ಳಿ.

ತುಂಗಾತೀರ:
ರೆಸ್ಯೂಮೆ ತಿದ್ದಿದೆ, ಕೆಂಪು ಗೆರೆ ಹೋಯಿತು. ಕೊನೇ ಪ್ರಶ್ನೆ: ‘ಐ ಆಮ್ ಫೀಲಿಂಗ್ ಟಯರ್ಡ್’ ಸರಿಯಾ?

ಹಳೇಮೇಷ್ಟ್ರು:
ಸರಿ. ಮೈಗೆ ಏನನ್ನಿಸುತ್ತಿದೆ ಅನ್ನುವಾಗ ‘ಐ ಫೀಲ್’, ‘ಐ ಆಮ್ ಫೀಲಿಂಗ್’ ಎರಡೂ ನಡೆಯುತ್ತವೆ, ಅರ್ಥದಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ. ಅಭಿಪ್ರಾಯ ಹೇಳುವಾಗ ಮಾತ್ರ ‘ಐ ಫೀಲ್ ದಟ್ ವೀ ಶುಡ್ ವೇಟ್’ ಅಂತಲೇ ಬರೆಯಿರಿ.